ಹೊತ್ತಲ್ಲದ ಹೊತ್ತಿನ ನೀರು

ನಳದ ಕಾಕಾ ಅವರ ಬಲ ಹೆಗಲು ಎಡ ಹೆಗಲಿಗಿಂತ ಎರಡು ಬೆರಳಷ್ಟು ಕೆಳಗಿತ್ತು. ಎದೆಯೆತ್ತರದ ಕಬ್ಬಿಣದ ಚಾವಿಯನ್ನು ಇಪ್ಪತ್ತು ವರ್ಷ ಅದೇ ಹೆಗಲ ಮೇಲೆ ಹೊತ್ತು, ಅಲ್ಲಿಯ ಚರ್ಮ ಎತ್ತಿನ ಹೆಗಲಿನಂತೆ ಗಡುಸಾಗಿತ್ತು. ಸನತ್‌ನಗರದ ನಮ್ಮ ಗಲ್ಲಿಗೂ ರೈಲು ಹಳಿಯಾಚೆಯ ಗಲ್ಲಿಗೂ ನೀರು ಬಿಡುವ ಕೆಲಸ ಅವರದು. ನೆಲದೊಳಗಿನ ವಾಲ್ವಿನ ಮುಚ್ಚಳವನ್ನು ಚಾವಿಯಿಂದ ಮೂರು ಸಲ ಕುಟ್ಟಿ, ಆಮೇಲೆ ತಿರುಗಿಸುವರು. ಆ ಟಣ್ ಟಣ್ ಕೇಳಿದ್ದೇ ಅವ್ವ "ನಳ ಬಂದಾವೋ!" ಎಂದು ಗಲ್ಲಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು.

ಕಲಬುರಗಿ, ಯಾದಗಿರಿ ಕಡೆಯಿಂದ ಗಡಿಯಾಚೆಯ ಈ ಶಹರಕ್ಕೆ ಬಂದು ಫ್ಯಾಕ್ಟರಿ ಸೇರಿದ ಮೂವತ್ತು ಮನೆಗಳಿಗೆ ಒಂದೇ ನಳ, ಅದೂ ದಿನ ಬಿಟ್ಟು ದಿನ. ಹೆಂಗಸರು ತುಂಬಿಸಬೇಕು, ಬೆಳೆದ ಗಂಡುಮಕ್ಕಳು ಕೊಡ ಹೊತ್ತು ಮೆಟ್ಟಿಲು ಹತ್ತಬೇಕು. ಇದು ನಮ್ಮಲ್ಲಿಯ ಕಟ್ಟಳೆ. ತಾಯಿಯ ಕೈಲಿ ಕೊಡ ಹೊರಿಸಿದವ ಅನ್ನಿಸಿಕೊಂಡರೆ ಆಮೇಲೆ ಗಲ್ಲಿಯಲ್ಲಿ ತಲೆಯೆತ್ತುವ ಹಾಗಿಲ್ಲ. ಎಂಥ ಪುಂಡನಾದರೂ ಆ ಕೂಗಿಗೆ ಓಡಿ ಬರುತ್ತಿದ್ದ.

ಅನುಮಾನ ನನಗೆ ಹುಟ್ಟುಗುಣ. ಹಾಲಿನವನು ನಕ್ಕರೆ ಇವತ್ತು ನೀರು ಜಾಸ್ತಿ ಬೆರೆಸಿದ್ದಾನೆ ಎಂದುಕೊಳ್ಳುವವಳು ನಾನು. ಆಗಷ್ಟೇ ಮಾದಾಪುರದ ಹೊಸ ಗಾಜಿನ ಕಟ್ಟಡವೊಂದರಲ್ಲಿ ಡಾಟಾ ಎಂಟ್ರಿ ಕೆಲಸ ಸಿಕ್ಕಿತ್ತು. ಬಸ್ಸಿನ ಕಿಟಕಿಯಿಂದ ಅಪಾರ್ಟ್‌ಮೆಂಟುಗಳ ಮುಂದೆ ನಿಂತ ನೀರಿನ ಟ್ಯಾಂಕರುಗಳನ್ನು ದಿನವೂ ನೋಡುತ್ತಿದ್ದೆ. ನಮ್ಮ ಗಲ್ಲಿಯಲ್ಲೋ, ಒಂದೂವರೆ ಗಂಟೆ ಬರಬೇಕಾದ ನೀರು ಒಂದೇ ಗಂಟೆಗೆ ನಿಲ್ಲುತ್ತಿತ್ತು. ಹಾಗಿದ್ದೂ ಸರದಿಯಿಲ್ಲದ ದಿನ, ಸಂಜೆ ಐದಕ್ಕೋ ಆರಕ್ಕೋ, ಇದ್ದಕ್ಕಿದ್ದಂತೆ ಅರ್ಧ ಗಂಟೆ ಬರುತ್ತಿತ್ತು. ಕಾಕಾ ನಮ್ಮ ನೀರನ್ನು ಟ್ಯಾಂಕರಿನವರಿಗೆ ಮಾರುತ್ತಾರೆ, ಬಾಯಿ ಮುಚ್ಚಿಸಲು ನಮಗೆ ನಡುನಡುವೆ ಇಷ್ಟು ಚೆಲ್ಲುತ್ತಾರೆ ಎಂದು ತೀರ್ಮಾನಿಸಿದೆ.

ತೀರ್ಮಾನವಾದ ಮೇಲೆ ಸಾಕ್ಷಿಗೇನು ಬರ! ಮೂಲೆಯ ಇರಾನಿ ಹೋಟೆಲಿನಲ್ಲಿ ಕಾಕಾ, ಹೋಟೆಲಿನ ಸೇಠ್, ಠಾಣೆಯ ಒಬ್ಬ ಕಾನ್‌ಸ್ಟೇಬಲ್ ಮತ್ತು ಸರ್ಕಾರಿ ಶಾಲೆಯ ಹೆಡ್‌ಮಿಸ್, ನಾಲ್ವರೂ ತಲೆಗೆ ತಲೆ ಕೊಟ್ಟು ಕೂತಿರುತ್ತಿದ್ದರು. ನನ್ನನ್ನು ಕಂಡರೆ ಮಾತು ನಿಲ್ಲುತ್ತಿತ್ತು. ಒಂದು ದಿನ ನಳದ ಹತ್ತಿರ ಎಲ್ಲರೆದುರೇ ಕೇಳಿಬಿಟ್ಟೆ.

"ನಮ್ಮ ಪಾಲಿನ ನೀರು ಯಾರು ಕುಡ್ಯಾಕತ್ತಾರ್ರಿ, ಕಾಕಾ?"

ಅವರು ಚಾವಿ ಇಳಿಸಿ ಹೆಗಲು ಉಜ್ಜಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಲ್ಲ ಎಂದು ನಾನು ಒಳಗೊಳಗೇ ಬೀಗಿದೆ. ಅವರು ಹೇಳಿದ್ದು ತಮ್ಮ ಎಂದಿನ ಮಾತು: "ಕೊಡ ಹಿಡಿದ ಕೈಗೆ ಬಡಿಗಿ ಹಿಡೀಲಾಕ ಬರಂಗಿಲ್ಲ, ತಂಗಿ."

ಇನ್ನೂ ಸಿಟ್ಟು ಬರಿಸುತ್ತಿದ್ದುದು, ಸಿಕ್ಕಾಗಲೆಲ್ಲ ಅವರು "ತಮ್ಮ ಎಲ್ಲಿ ಹೋಗ್ಯಾನ?" ಎಂದು ಕೇಳುತ್ತಿದ್ದದ್ದು. ತಮ್ಮ ಇಂಟರ್ ಫೇಲಾಗಿ ತಿರುಗುತ್ತಿದ್ದ. ನಮ್ಮ ಗಲ್ಲಿಯ ಹುಡುಗರಿಗೂ ರೈಲು ಹಳಿಯಾಚೆಯ ಗಲ್ಲಿಯವರಿಗೂ ಆಟದ ಮೈದಾನದ ಮೇಲೆ ಹಗೆ. ಒಂದು ದಿನವೂ ಹಾಕಿ ಆಡದವನ ಮಂಚದ ಕೆಳಗೆ ಹಾಕಿ ಸ್ಟಿಕ್ ಇತ್ತು. ಇವನು ಹೆಣವಾಗಿ ಬರುತ್ತಾನೋ, ಕೊಲೆಗಾರನಾಗಿ ಬರುತ್ತಾನೋ ಎಂದು ಅವ್ವ, ನಾನು ಇಬ್ಬರೂ ಹೆದರಿ ಸಾಯುತ್ತಿದ್ದೆವು. ಕಾಕಾ ಅವರ ಮನೆ ಹಳಿಯಾಚೆ, ಚಹಾ ಪೊಲೀಸರ ಜೊತೆ, ವಿಚಾರಣೆ ನನ್ನ ತಮ್ಮನದು. ಪೊಲೀಸರಿಗೆ ಸುದ್ದಿ ಕೊಡುವವರೇ ಸೈ ಎಂದುಕೊಂಡೆ.

ಆಫೀಸಿನ ಕಂಪ್ಯೂಟರಿನಲ್ಲೇ ನೀರಿನ ಇಲಾಖೆಗೆ ಅರ್ಜಿ ಟೈಪ್ ಮಾಡಿದೆ. ಹೊತ್ತಲ್ಲದ ಹೊತ್ತಿಗೆ ನೀರು ಬಂದ ದಿನಗಳನ್ನೆಲ್ಲ ಸಾಲಾಗಿ ಬರೆದೆ. ಬಹುಪಾಲು ಭಾನುವಾರಗಳು. ಅದು ಯಾಕೆ ಎಂದು ಒಂದು ಗಳಿಗೆಯೂ ಯೋಚಿಸಲಿಲ್ಲ. ಗಲ್ಲಿಯವರು ಸಹಿ ಹಾಕಿದರು, ಹೆಬ್ಬೆಟ್ಟು ಒತ್ತಿದರು. ತಿಂಗಳೊಳಗೆ ಕಾಕಾ ಅವರನ್ನು ಊರಾಚೆಯ ಪಂಪ್‌ಹೌಸಿಗೆ ಎತ್ತಂಗಡಿ ಮಾಡಿದರು.

ಕೊನೆಯ ದಿನ ಅವರು ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದರು. ಹೆಗಲ ಮೇಲೆ ಚಾವಿ ಇರಲಿಲ್ಲ.

"ಐತವಾರ ಸಂಜೀಕ ತಮ್ಮನ್ನ ಹೊರಗ ಬಿಡಬ್ಯಾಡ, ತಂಗಿ. ಇದೊಂದು ಮಾತು ನಡಸು."

"ಬೆದರಸ್ತೀರೇನ್ರಿ?" ಎಂದೆ.

ಅವರು ನನ್ನ ಮುಖವನ್ನೇ ನೋಡಿ, ಮೆಟ್ಟಿಲಿಳಿದು ಹೋದರು. ಹೋಗುತ್ತ ಹೋಗುತ್ತ ವಿಷ ಕಕ್ಕಿ ಹೋದರು ನೋಡು ಎಂದು ಅವ್ವನಿಗೆ ಹೇಳಿದೆ.

ಹೊಸಬ ಗಡಿಯಾರದಂಥವನು. ಸರದಿಯ ದಿನ ಪೂರಾ ಒಂದೂವರೆ ಗಂಟೆ ನೀರು. "ಹುಡುಗಿ ಓದಿದ್ದು ಸಾರ್ಥಕ ಆತು ನೋಡ್ರಿ," ಎಂದು ಹೆಂಗಸರು ಹೊಗಳಿದರು. ನಾನೂ ಉಬ್ಬಿದೆ. ಮೂರನೆಯ ಭಾನುವಾರ ಸಂಜೆ ತಮ್ಮ ಸ್ಟಿಕ್ ಎತ್ತಿಕೊಂಡು ಹೋದ. ಮೈದಾನದಲ್ಲಿ ಯಾರೋ ಬೀಸಿದ ಕಬ್ಬಿಣದ ರಾಡು ಅವನ ಬಲ ಮಣಿಕಟ್ಟಿನ ಮೇಲೆ ಬಿತ್ತು. ಕೈ ಉಳಿಯುತ್ತದೆ, ಹಿಡಿತ ಉಳಿಯುವುದಿಲ್ಲ ಎಂದರು ಡಾಕ್ಟರು.

ಆಸ್ಪತ್ರೆಗೆ ಬಂದ ಹೆಡ್‌ಮಿಸ್ ನನ್ನನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದರು. ಹುಡುಗರು ಬಡಿದಾಡಲು ಸೇರುವ ಸುದ್ದಿ ಅವರಿಗೆ ಶಾಲೆಯಲ್ಲಿ ಸಿಗುತ್ತಿತ್ತಂತೆ. ಮೈದಾನ ಕಾಣುವುದು ಸೇಠರ ಗಲ್ಲಾದಿಂದ, ಫೋನ್ ಇದ್ದದ್ದೂ ಅಲ್ಲಿಯೇ. ಪೊಲೀಸರು ನುಗ್ಗಿದರೆ ಕೇಸು ಬೀಳುತ್ತದೆ, ಹುಡುಗರ ಬದುಕು ಹಾಳಾಗುತ್ತದೆ. ಅದಕ್ಕೇ ಕಾನ್‌ಸ್ಟೇಬಲ್ ದೂರ ನಿಲ್ಲುತ್ತಿದ್ದ, ಕಾಕಾ ಎರಡೂ ಗಲ್ಲಿಗಳಿಗೆ ನಳ ಬಿಡುತ್ತಿದ್ದರು. ಎರಡೂ ಕಡೆ ತಾಯಂದಿರು ಕೂಗುವರು, ಹುಡುಗರು ಬೈದುಕೊಳ್ಳುತ್ತ ಮನೆಗೆ ಓಡುವರು. ಅದಕ್ಕೆ ಬೇಕಾದ ನೀರನ್ನು ಸರದಿಯ ದಿನ ಅರ್ಧ ಗಂಟೆ ಮೊದಲೇ ನಿಲ್ಲಿಸಿ ಉಳಿಸಿಕೊಳ್ಳುತ್ತಿದ್ದರು. ಗುಟ್ಟು ಬಯಲಾದರೆ ಒಬ್ಬ ಹುಡುಗನೂ ಕದಲುವುದಿಲ್ಲ, ಅದಕ್ಕೇ ನನ್ನ ಅರ್ಜಿಗೂ ಯಾರೂ ಎದುರಾಡಬೇಡಿ ಎಂದು ಕಾಕಾ ತಡೆದಿದ್ದರಂತೆ. ಈ ಭಾನುವಾರ ಸೇಠ್ ಹೊಸಬನಿಗೆ ಫೋನ್ ಮಾಡಿದ್ದರು. ಮೇಲಿನಿಂದ ಆರ್ಡರ್ ಇಲ್ಲ ಎಂದನಂತೆ.

ಎರಡು ಬಸ್ಸು ಬದಲಿಸಿ ಪಂಪ್‌ಹೌಸಿಗೆ ಹೋದೆ. ಕಾಲು ಹಿಡಿಯಲು ಬಗ್ಗಿದರೆ ಕಾಕಾ ಹಿಂದೆ ಸರಿದರು.

"ನಿನ್ನ ಅರ್ಜಿ ಓದಿಸಿ ಕೇಳೀನಿ, ತಂಗಿ. ಹೊತ್ತು ಸೈತ ಬರೋಬ್ಬರಿ ಬರದಿದ್ದಿ. ನಾ ನೀರು ಕಡಿಮಿ ಬಿಟ್ಟಿದ್ದು ಖರೇನ ಐತಲ್ಲ?" ಎಂದರು. ಆಮೇಲೆ ಕೇಳಿದರು, "ತಮ್ಮ ಎಲ್ಲಿ ಅದಾನ?"

ಅದೇ ಹಳೆಯ ಪ್ರಶ್ನೆ. ನಾನು ಅಲ್ಲೇ ಕೂತು ಅತ್ತೆ.

ಅವರನ್ನು ವಾಪಸ್ ಕಳಿಸಿ ಎಂದು ಎರಡನೆಯ ಅರ್ಜಿ ಬರೆದೆ. ದೂರಿಗೆ ತಿಂಗಳಲ್ಲಿ ಉತ್ತರ ಕೊಟ್ಟ ಆಫೀಸು ಇದಕ್ಕೆ ಇವತ್ತಿಗೂ ಕೊಟ್ಟಿಲ್ಲ.

ಆರು ವರ್ಷದ ಮೇಲೆ ಕಾಕಾ ತೀರಿಕೊಂಡರು. ಅದು ನೀರಿನ ಸರದಿಯ ದಿನವಲ್ಲ. ಕೊನೆಯ ಸ್ನಾನಕ್ಕೆಂದು ನಮ್ಮ ಗಲ್ಲಿಯ ಪ್ರತಿ ಮನೆಯಿಂದ ಒಂದೊಂದು ಕೊಡ ಹಳಿ ದಾಟಿ ಹೋಯಿತು. ನಮ್ಮ ಮನೆಯದನ್ನು ತಮ್ಮ ಎಡ ಹೆಗಲಿಗೇರಿಸಿ, ಎಡಗೈಯೊಂದರಲ್ಲೇ ತಬ್ಬಿ ಹಿಡಿದುಕೊಂಡು ಹೊರಟಿದ್ದ. ಅರ್ಧ ದಾರಿಯಲ್ಲಿ ನನಗೆ ನೋಡಲಾಗಲಿಲ್ಲ. ಇತ್ತ ಕೊಡು ಎಂದು ಕೈ ಚಾಚಿದೆ.

"ಬ್ಯಾಡಕ್ಕಾ. ಕಾಕಾ ನಳ ಬಿಟ್ಟಾಗೆಲ್ಲ ನಾನಽ ಹೊತ್ತೀನಿ," ಎಂದ.

ಅವರು ನಳ ಬಿಡದ ಆ ಒಂದು ಸಂಜೆಗೆ ಕಾರಣ ನಾನೆಂದು ಅವನಿಗೆ ಗೊತ್ತು. ಅವನು ಅಂದೂ ಆ ಮಾತು ಎತ್ತಲಿಲ್ಲ, ಆಮೇಲೂ ಎತ್ತಿಲ್ಲ.