ಲೀಲ್ ಊರಿನವಳು ಸವರಿದ ಸಾಲು

ಅರವತ್ತೆಂಟು ತುಂಬಿದ ಚಳಿಗಾಲದಲ್ಲಿ ಲ್ಯೂಸೆತ್ ಗ್ರಾಂಜೋಳ ಬಲಗೈ ಮುರಿಯಿತು. ನೆಲಮಾಳಿಗೆಯ ಮೆಟ್ಟಿಲ ಮೇಲೆ ಹಿಮ ಗಟ್ಟಿಯಾಗಿ ಕೂತಿತ್ತು, ಕಂಕುಳಲ್ಲಿ ಸೌದೆ ಇತ್ತು, ಕಾಲು ಜಾರಿತು. ಬಿದ್ದವಳು ಮೊದಲು ನೋಡಿದ್ದು ಕೈಯನ್ನಲ್ಲ, ಬೀದಿಯನ್ನು. ಯಾರ ಕಣ್ಣಿಗೂ ಬೀಳಲಿಲ್ಲವೆಂದು ಖಾತ್ರಿಯಾದ ಮೇಲೆಯೇ ಒಮ್ಮೆ ನರಳಿದಳು.

ಹತ್ತಿರದ ಬೋನ್ ಪಟ್ಟಣದಲ್ಲಿ ಆಸ್ಪತ್ರೆಯಿದೆ. ಅಲ್ಲಿಗೆ ಹೋದರೆ ಊರಿನವರು ಯಾರಾದರೊಬ್ಬರು ಕೆಮ್ಮಿಗೋ ಮಂಡಿನೋವಿಗೋ ಬಂದು ಬೆಂಚಿನ ಮೇಲೆ ಕೂತೇ ಇರುತ್ತಾರೆ. ಅದಕ್ಕೇ ಅವಳು ರೈಲು ಹತ್ತಿ ದಿಜೋಂ ನಗರದವರೆಗೆ ಹೋಗಿ ಪ್ಲಾಸ್ಟರ್ ಹಾಕಿಸಿಕೊಂಡು ಬಂದಳು. ತೀರಿಹೋದ ಗಂಡನ ದೊಡ್ಡ ಕೋಟು ತೊಟ್ಟು, ಅದರ ಅಗಲವಾದ ತೋಳಿನೊಳಗೆ ಕೈಯನ್ನು ಬಚ್ಚಿಟ್ಟಳು. ಬ್ರೆಡ್ಡಿನಂಗಡಿಯವಳು ಏನಿದು ವೇಷ ಎಂದರೆ, "ಚಳಿ ಕಣೇ, ವಯಸ್ಸಾಯ್ತಲ್ಲ," ಎಂದು ಎಡಗೈಯಲ್ಲೇ ಬ್ರೆಡ್ಡು ಈಸಿಕೊಂಡಳು.

ಮುರಿದ ಕೈಯನ್ನು ಸೆರಗಿನ ಕೆಂಡದಂತೆ ಮುಚ್ಚಿಕೊಳ್ಳಲು ಕಾರಣವಿತ್ತು. ಫ್ರಾನ್ಸಿನ ಬರ್ಗಂಡಿ ಸೀಮೆಯ ಆ ಇಳಿಜಾರಿನ ಊರುಗಳಲ್ಲಿ ಫೆಬ್ರವರಿಯೆಂದರೆ ದ್ರಾಕ್ಷಿ ಬಳ್ಳಿ ಸವರುವ ಕಾಲ. ಮಾರ್ಚಿನಲ್ಲಿ ನೆಲ ಬೆಚ್ಚಗಾಗಿ ಬಳ್ಳಿಗೆ ರಸ ಏರುವುದರೊಳಗೆ ಹೋದ ವರ್ಷದ ಕಡ್ಡಿಗಳನ್ನೆಲ್ಲ ಕತ್ತರಿಸಿ ಮುಗಿಸಬೇಕು. ಬಿಟ್ಟರೆ ತೋಟ ಕಾಡು ಬೀಳುತ್ತದೆ. ಊರಿನ ಬೆಳೆಗಾರರಿಗೆ ಸಂತ ವಿನ್ಸೆಂಟನ ಹೆಸರಿನ ಸಂಘವೊಂದಿದೆ, ಅಜ್ಜಂದಿರ ಕಾಲದ್ದು. ಒಬ್ಬರು ಹಾಸಿಗೆ ಹಿಡಿದರೆ ಉಳಿದವರು ಹೋಗಿ ಅವರ ತೋಟದ ಕೆಲಸ ಮಾಡಿಕೊಡಬೇಕು. ಕೂಲಿ ಇಲ್ಲ, ಕೊನೆಗೊಂದು ಲೋಟ ವೈನು ಅಷ್ಟೆ. ಲ್ಯೂಸೆತ್ ಒಂದು ಮಾತು ಆಡಿದ್ದರೆ ಊರಿನ ಕತ್ತರಿಗಳೆಲ್ಲ ಬಾಗಿಲಿಗೆ ಬರುತ್ತಿದ್ದವು.

ಆಡಲಿಲ್ಲ. ಕೆಳಗಿನ ಮನೆಯ ಒನೋರೆಯನ್ನು ನೋಡಿದ್ದಳಲ್ಲ. ಕೆಲವು ವರ್ಷಗಳ ಹಿಂದೆ ಅವನು ಎದೆನೋವೆಂದು ಸಂಘಕ್ಕೆ ಹೇಳಿಕಳಿಸಿದ. ಎಲ್ಲರೂ ಹೋದರು, ಲ್ಯೂಸೆತ್ ಕೂಡ ಹೋದಳು. ಮರುವರ್ಷವೂ ಹೋದರು. ಅದರ ಮರುವರ್ಷ ಒನೋರೆ ತೋಟವನ್ನು ಬೇರೆಯವರಿಗೆ ಗುತ್ತಿಗೆ ಕೊಟ್ಟು ಕಿಟಕಿ ಪಕ್ಕ ಕೂತ. ಈಗಲೂ ಅಲ್ಲೇ ಕೂತಿದ್ದಾನೆ, ಹೋಗಿಬರುವವರಿಗೆಲ್ಲ ಕೈ ಬೀಸುತ್ತ. ಮೊದಲು ಕತ್ತರಿ ಕೊಟ್ಟ, ಆಮೇಲೆ ತೋಟ ಕೊಟ್ಟ ಎಂದು ಲ್ಯೂಸೆತ್ ಲೆಕ್ಕ ಹಾಕಿಕೊಂಡಿದ್ದಳು. ಅವಳ ತೋಟವೇನು ದೊಡ್ಡದಲ್ಲ, ಚರ್ಚಿನ ಹಿಂದಿನ ಇಳಿಜಾರಿನಲ್ಲಿ ಒಂದು ತುಂಡು. ಆದರೆ ಅದು ತಾಯಿ ಕೊಟ್ಟದ್ದು. ಕಟ್ಟಿಕೊಂಡ ಗಂಡನಿಗೂ ಅದರಲ್ಲಿ ಕತ್ತರಿಯಾಡಿಸಲು ಬಿಟ್ಟವಳಲ್ಲ. ಎಡಗೈಯಲ್ಲಿ ತಾನೇ ಸವರಿ ನೋಡಿದಳು. ಒಂದು ಬಳ್ಳಿ ಮುಗಿಯುವಷ್ಟರಲ್ಲಿ ಸೂರ್ಯ ಚರ್ಚಿನ ಗೋಪುರ ದಾಟಿದ್ದ.

ಹೀಗಿರುವಾಗ ಅವಳ ಮಹಡಿಯ ಕೋಣೆಗೆ ಗಂಡಹೆಂಡಿರಿಬ್ಬರು ಬಂದಿಳಿದರು. ಪ್ರವಾಸಿಗಳಿಗೆ ಆ ಕೋಣೆ ಬಾಡಿಗೆಗೆ ಕೊಡುವುದು ಅವಳ ಪದ್ಧತಿ. ಬಂದವರು ಉತ್ತರದ ಲೀಲ್ ಊರಿನವರು. ಹೆಂಡತಿ ನಾದೇಜ್, ಹೆಂಗಸರ ಕೂದಲು ಕತ್ತರಿಸುವ ಅಂಗಡಿಯವಳು. ಗಂಡ ಈವೋಂ ಸಿಟಿ ಬಸ್ಸಿನ ಡ್ರೈವರ್. ಚಳಿಗಾಲದಲ್ಲಿ ಕೋಣೆ ಅಗ್ಗವೆಂದು ಬಂದಿದ್ದರು.

"ಮದಾಂ, ದ್ರಾಕ್ಷಿ ಎಲ್ಲಿ?" ಎಂದಳು ನಾದೇಜ್ ಕಿಟಕಿಯಿಂದ ಇಣುಕಿ.

"ಸೆಪ್ಟೆಂಬರಿನಲ್ಲಿದೆ," ಎಂದಳು ಲ್ಯೂಸೆತ್.

"ನಾನು ಬಡ್ಕೊಂಡೆ. ಇವಳು ಕೇಳ್ಲಿಲ್ಲ. ಒಣಕಡ್ಡಿ ನೋಡೋಕೆ ಇಷ್ಟು ದೂರ ಬಂದಂಗಾಯ್ತು," ಎಂದು ಈವೋಂ ಗೊಣಗಿದ.

ಆದರೂ ಮರುದಿನ ದಿಜೋಂ ಸುತ್ತಿ ಬಂದರು. ಬಣ್ಣಬಣ್ಣದ ಹೆಂಚಿನ ಮಾಡುಗಳನ್ನು ಕಂಡರು. ಈವೋಂ ಅಂಗಡಿಯಲ್ಲಿ ಒಂದು ಚಮಚ ಸಾಸಿವೆ ಗೊಜ್ಜನ್ನು ಹಾಗೇ ಬಾಯಿಗಿಟ್ಟು ಬೀದಿಯಲ್ಲಿ ನಿಂತು ಅತ್ತ. ಬರುವಾಗ ಬೋನ್‌ನಲ್ಲಿ ಇಳಿದು ಒಂದು ವೈನಂಗಡಿಗೆ ನುಗ್ಗಿದ್ದರು. ಅಲ್ಲಿಯವನು ಲೋಟವನ್ನು ಮೂಗಿನ ಹತ್ತಿರ ಹಿಡಿಸಿ, ಯಾವ ವಾಸನೆ ಬರ್ತಿದೆ ಹೇಳಿ ಎಂದನಂತೆ.

"ನೀವೇನಂದ್ರಿ?" ಎಂದಳು ಲ್ಯೂಸೆತ್.

"ವೈನಿನ ವಾಸನೆ ಅಂದೆ. ಅವನ ಮುಖ ನೋಡ್ಬೇಕಿತ್ತು," ಎಂದ ಈವೋಂ.

ಲ್ಯೂಸೆತ್ ನಕ್ಕಳು. ನಗುವಾಗ ಮೈಮರೆತು ಎರಡೂ ಕೈಯಲ್ಲಿ ಸಾರಿನ ಪಾತ್ರೆ ಎತ್ತಲು ಹೋಗಿ, ಅಯ್ಯೋ ಎಂದು ಅಲ್ಲೇ ಕುಕ್ಕಿದಳು. ಕೋಟಿನ ತೋಳು ಹಿಂದೆ ಸರಿಯಿತು. ಬೆಳ್ಳಗಿನ ಪ್ಲಾಸ್ಟರು ಇಬ್ಬರಿಗೂ ಕಂಡಿತು.

ಇನ್ನು ಮುಚ್ಚಿಡುವುದೇನು. ಪರ ಊರಿನವರು, ನಾಲ್ಕು ದಿನಕ್ಕೆ ಹೋಗುವವರು ಎಂದು ಎಲ್ಲವನ್ನೂ ಹೇಳಿದಳು. ನಾದೇಜ್ ಕೇಳುತ್ತ ಕೇಳುತ್ತ ತನ್ನ ಬೆರಳುಗಳನ್ನೇ ನೋಡಿಕೊಂಡಳು.

"ಹದಿನೆಂಟು ವರ್ಷದಿಂದ ಕತ್ತರಿ ಹಿಡಿದೋಳು ನಾನು. ನೀವು ಪಕ್ಕದಲ್ಲಿ ನಿಂತು ಹೇಳಿ, ನಾನು ಕತ್ತರಿಸ್ತೀನಿ."

"ಇದು ತಲೆಯಲ್ಲ ಹುಡುಗಿ."

"ತಲೆಯಾದ್ರೆ ಬೈಯುತ್ತೆ. ಇದು ಬೈಯಲ್ಲವಲ್ಲ."

ಕಷ್ಟದಲ್ಲಿದ್ದವರಿಗೆ ಹುಲ್ಲುಕಡ್ಡಿಯೂ ಆಸರೆ. ಮರುದಿನ ಮೂವರೂ ತೋಟಕ್ಕಿಳಿದರು. ದಾರಿಯಲ್ಲಿ ಹೋಗುವವರಿಗೆ ಕಾಣದಂತೆ ಒಳಗಿನ ಸಾಲುಗಳಿಂದ ಶುರು ಮಾಡಿದರು.

"ಬಳ್ಳಿಗೆ ಎರಡೇ ಕಡ್ಡಿ ಉಳಿಸ್ಬೇಕು," ಎಂದು ಲ್ಯೂಸೆತ್ ತೋರಿಸಿದಳು. "ಒಂದು ಉದ್ದದ್ದು, ಅದು ಈ ವರ್ಷದ ಹಣ್ಣಿಗೆ. ಇನ್ನೊಂದು ಮೋಟು, ಚಿಗುರೊಡೆಯೋ ಕಣ್ಣು ಎರಡು ಮಾತ್ರ, ಅದು ಬರೋ ವರ್ಷಕ್ಕೆ. ಮಿಕ್ಕಿದ್ದೆಲ್ಲ ತೆಗಿ."

"ಉದ್ದ ಅಂದ್ರೆ ಎಲ್ಲಿವರೆಗೆ? ಭುಜಕ್ಕಾ, ಸೊಂಟಕ್ಕಾ?"

"ಒಂದೂವರೆ ಮೊಳ."

ನಾದೇಜ್ ನಿಧಾನವಾಗಿ ಕಲಿತಳು. ಲ್ಯೂಸೆತ್ ಬೆರಳಿಟ್ಟ ಕಡೆ ಕತ್ತರಿ ಬೀಳುತ್ತಿತ್ತು. ಈವೋಂ ಕಡಿದ ಕಡ್ಡಿಗಳನ್ನು ಎಳೆದು ಗುಡ್ಡೆ ಹಾಕುತ್ತ, ಜನ ಬರೀ ಬಾಟಲಿ ಕೊಂಡು ಹೋಗ್ತಾರೆ, ನನಗೆ ನೋಡು ಬೆನ್ನುನೋವೂ ಸಿಕ್ತು ಎನ್ನುತ್ತಿದ್ದ. ಸಂಜೆಗೆ ಒಂದಿಷ್ಟು ಸಾಲು ಮುಗಿದು ಲ್ಯೂಸೆತ್‌ಳ ಎದೆ ಹಗುರಾಯಿತು.

ಎರಡನೆಯ ದಿನ ಮಧ್ಯಾಹ್ನ ಅವಳು ಒಲೆಯ ಮೇಲೆ ಅಡುಗೆಗಿಡಲು ಮನೆಗೆ ಹೋದಳು. ಕೆಂಪು ವೈನಿನಲ್ಲಿ ಮೊಟ್ಟೆ ಬೇಯಿಸಿ ಕೊಡಬೇಕೆಂದು ಮನಸ್ಸಾಗಿತ್ತು. ಒಂದೇ ಕೈಯಲ್ಲಿ ಈರುಳ್ಳಿ ಹೆಚ್ಚುವಷ್ಟರಲ್ಲಿ ತಡವಾಯಿತು. ಅಷ್ಟರಲ್ಲಿ ನಾದೇಜ್‌ಳ ಕೈಗೆ ಹುರುಪು ಬಂದಿತ್ತು. ದಾರಿ ಪಕ್ಕದ ಸಾಲಿಗೆ ಹೋಗಿ, ಒಬ್ಬಳೇ ಆ ತುದಿಯಿಂದ ಈ ತುದಿಗೆ ಸವರಿ ಮುಗಿಸಿದ್ದಳು.

ಲ್ಯೂಸೆತ್ ಬಂದು ನೋಡಿದಳು. ಸಾಲಿಗೆ ಸಾಲೇ ಬೋಳು. ಒಂದು ಬಳ್ಳಿಗೂ ಉದ್ದನೆಯ ಕಡ್ಡಿಯಿಲ್ಲ. ಎರಡೂ ಕಡೆ ಮೋಟು, ಎಲ್ಲ ಒಂದೇ ಅಳತೆ.

"ನೋಡಿ ಅಮ್ಮಾ, ಒಂದು ಕೂದಲು ಹೆಚ್ಚುಕಮ್ಮಿ ಇಲ್ಲ," ಎಂದಳು ನಾದೇಜ್.

"ಉದ್ದದ್ದು ಏನ್ಮಾಡ್ದೆ?"

"ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ನಿನ್ನೆಯಿಂದ ಅದನ್ನ ನೋಡೋಕಾಗ್ತಿರ್ಲಿಲ್ಲ ನಂಗೆ. ಸರಿಮಾಡ್ದೆ." ಹಾಗೆನ್ನುತ್ತ ಲ್ಯೂಸೆತ್‌ಳ ಮುಖ ನೋಡಿದಳು. ಕತ್ತರಿ ಹಿಡಿದ ಅವಳ ಕೈ ಇಳಿಬಿತ್ತು. "ಬಳ್ಳಿ ಸಾಯುತ್ತಾ?"

ಲ್ಯೂಸೆತ್ ಕಲ್ಲುಗೋಡೆಯ ಮೇಲೆ ಕೂತಳು. "ಸಾಯಲ್ಲ. ಈ ವರ್ಷ ಈ ಸಾಲಿನಲ್ಲಿ ಹೇಳ್ಕೊಳ್ಳೋ ಹಣ್ಣಿಲ್ಲ, ಅಷ್ಟೆ. ನಿನಗೇ ಗೊತ್ತಲ್ಲ, ಕತ್ತರಿಸಿದ್ದು ಬೆಳೆಯುತ್ತೆ."

ಹಣ್ಣು ಹೋದದ್ದಕ್ಕಿಂತ ದೊಡ್ಡ ಚಿಂತೆ ಬೇರೆಯಿತ್ತು. ಆ ಊರಿನಲ್ಲಿ ಒಬ್ಬೊಬ್ಬರ ಕತ್ತರಿಗೂ ಒಂದೊಂದು ಚಹರೆ. ಬಳ್ಳಿ ನೋಡಿ ಇದು ಯಾರ ಕೈ ಎಂದು ಹೇಳಿಬಿಡುತ್ತಾರೆ. ಈ ಸಾಲು ಲ್ಯೂಸೆತ್‌ಳ ಕೈಯದಲ್ಲವೆಂದು ಕುರುಡನಿಗೂ ತಿಳಿಯುತ್ತಿತ್ತು. ನಾದೇಜ್ ಆ ರಾತ್ರಿ ಮೊಟ್ಟೆ ಮುಟ್ಟಲಿಲ್ಲ. ಅವಳ ಪಾಲನ್ನೂ ಈವೋಂ ತಿಂದ.

ಬೆಳಿಗ್ಗೆ ಬಾಗಿಲು ತಟ್ಟದೆ ಒಳಗೆ ಬಂದವನು ಆನ್ಸೆಲ್ಮ್. ಸಂಘದ ಮುಖ್ಯಸ್ಥ, ಪಕ್ಕದ ತೋಟದವನು, ಲ್ಯೂಸೆತ್‌ಳ ಜೊತೆ ಶಾಲೆಗೆ ಹೋದವನು. ಟೋಪಿ ತೆಗೆದು ಮೊಣಕಾಲಿಗೆ ಬಡಿದ.

"ದಾರಿ ಪಕ್ಕದ ಬಳ್ಳಿಗಳು ಯಾವಾಗ ಸೈನ್ಯಕ್ಕೆ ಸೇರಿದ್ವು?"

ಲ್ಯೂಸೆತ್ ಕಾಫಿ ಬಗ್ಗಿಸುತ್ತಿದ್ದಳು. "ಗಾಳಿ ಜೋರಿತ್ತು."

"ಗಾಳಿ ಬಾಚಣಿಗೆ ಬೇರೆ ಇಟ್ಕೊಂಡಿತ್ತಾ? ಕೋಟು ತೆಗಿ."

"ನನ್ನ ಮನೆ, ನನ್ನ ಕೋಟು."

"ನಿನ್ನ ಗಂಡನ ಕೋಟು. ಉರಿಯೋ ಒಲೆ ಪಕ್ಕ ಯಾರು ಕೋಟು ಹಾಕ್ಕೊಂಡಿರ್ತಾರೆ? ತೆಗಿ ಅಂದ್ನಲ್ಲ."

ತೆಗೆದಳು. ಆನ್ಸೆಲ್ಮ್ ಪ್ಲಾಸ್ಟರನ್ನು ನೋಡಿದ. ಮರುಗುತ್ತಾನೆಂದು ಲ್ಯೂಸೆತ್ ಹೆದರಿದ್ದಳು. ಅವನು ಮರುಗಲಿಲ್ಲ, ಸಿಟ್ಟಾದ.

"ನಾನು ಟ್ರ್ಯಾಕ್ಟರಿಂದ ಬಿದ್ದು ಬೆನ್ನು ಮುರ್ಕೊಂಡಾಗ ನನ್ನ ತೋಟಕ್ಕೆ ಮೊದಲು ಬಂದೋಳು ಯಾರು?"

"ಅದು ಬೇರೆ."

"ಹೆಂಗೆ ಬೇರೆ? ಕೊಡೋಳು ನೀನೊಬ್ಳೇ, ನಾವೆಲ್ಲ ಕೈಚಾಚೋರು, ಹಂಗಾ? ದೊಡ್ಡೋಳಮ್ಮ ನೀನು. ದಿಜೋಂಗೆ ಹೋಗಿ ಕೈ ಕಟ್ಟಿಸ್ಕೊಂಡು ಬಂದ್ಯಂತಲ್ಲ, ಟಿಕೆಟ್ ಕೊಡೋನು ಈಗ ತಾನೇ ಹೇಳ್ದ."

"ಒನೋರೆ ಏನಾದ ನೋಡಿದ್ಯಲ್ಲ," ಎಂದಳು ಲ್ಯೂಸೆತ್. ದನಿ ಸಣ್ಣದಾಗಿತ್ತು. "ನೀವೆಲ್ಲ ಬಂದ್ರಿ. ಅವನು ಕಿಟಕಿ ಪಕ್ಕ ಕೂತ. ನನಗೆ ಆ ಕಿಟಕಿ ಬೇಡ."

ಆನ್ಸೆಲ್ಮ್ ಕುರ್ಚಿ ಎಳೆದು ಕೂತ. "ಒನೋರೆ ತೋಟಕ್ಕೆ ಹೋದಾಗ ಅವನೇನಂದ ನೆನಪಿದ್ಯಾ? ನಿಮಗೆ ಹೆಂಗೆ ಸರಿನೋ ಹಂಗೆ ಮಾಡಿ ಅಂದ. ಒಂದ್ಸಲನೂ ಹೊರಗೆ ಬಂದು ಬೈಯಲಿಲ್ಲ. ತೋಟ ಹೋಗಿದ್ದು ಅವತ್ತೇ, ಗುತ್ತಿಗೆ ಕೊಟ್ಟಾಗಲ್ಲ. ನೀನು ಬಂದು ಬೈಯಿ. ಯಾರು ಬೇಡ ಅಂದ್ರು?"

ಲ್ಯೂಸೆತ್ ಎಡಗೈಯಲ್ಲಿ ಒಲೆಗೊಂದು ಸೌದೆ ಒಡ್ಡಿದಳು. ನಾದೇಜ್ ಬಾಗಿಲ ಮರೆಯಲ್ಲಿ ಕಿವಿಗೊಟ್ಟು ನಿಂತಿದ್ದಳು.

"ನನ್ನ ಬಳ್ಳಿಯ ಉದ್ದದ ಕಡ್ಡಿಗೆ ನಿಮ್ಮದಕ್ಕಿಂತ ಎರಡು ಕಣ್ಣು ಜಾಸ್ತಿ ಬಿಡ್ಬೇಕು," ಎಂದಳು ಲ್ಯೂಸೆತ್ ಕೊನೆಗೆ.

"ಅದು ತಪ್ಪು ಪದ್ಧತಿ. ನಿಮ್ಮಮ್ಮಂಗೂ ಹೇಳಿದ್ದೆ."

"ಹಂಗಾದ್ರೆ ಬರ್ಬೇಡ."

"ಸರಿ ಮಾರಾಯ್ತಿ. ಎರಡು ಕಣ್ಣು ಜಾಸ್ತಿ."

"ಮುಖ ಕಿವುಚದೆ ಹೇಳು."

ಭಾನುವಾರ ಬಂದರು. ಗಂಡಸರು ಹೆಂಗಸರು ಸೇರಿ ಇಡೀ ಸಂಘವೇ ಬಂತು, ಕೋವಿ ಹೊತ್ತವರಂತೆ ಕತ್ತರಿ ಹೊತ್ತು. ಲೀಲ್‌ನ ದಂಪತಿಗಳು ಅಂದು ಹೊರಡಬೇಕಿತ್ತು, ಸಂಜೆಯ ರೈಲಿಗೆ ಹೋದರಾಯಿತು ಎಂದು ಉಳಿದರು. ದಾರಿ ಪಕ್ಕದ ಸಾಲಿನ ಮುಂದೆ ಎಲ್ಲರೂ ಒಮ್ಮೆ ನಿಂತು ನೋಡಿದರು. ಯಾರೋ ಸೆಲ್ಯೂಟ್ ಹೊಡೆದರು. ನಾದೇಜ್‌ಳ ಕಿವಿ ಕೆಂಪಗಾಯಿತು.

"ಮದಾಂ, ನಿಮ್ಮ ಕಾಲಿಗೆ ಬೀಳ್ತೀನಿ, ಕತ್ತರಿ ಮಾತ್ರ ಮುಟ್ಟಬೇಡಿ," ಎಂದ ಆನ್ಸೆಲ್ಮ್.

"ನಿಮ್ಮ ತಲೆ ಯಾರು ಕತ್ತರಿಸಿದ್ದು?" ಎಂದಳು ಅವಳು. "ಹಿಂದುಗಡೆ ಇಲಿ ತಿಂದಂಗಿದೆ."

ಊಟದ ಹೊತ್ತಿಗೆ ಆನ್ಸೆಲ್ಮ್ ಹಣ್ಣಿನ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದ, ಕೊರಳಿಗೆ ಟವೆಲ್ಲು ಸುತ್ತಿಕೊಂಡು. ಅವನ ಹಿಂದೆ ಇನ್ನೂ ಮೂವರು ಕಾದಿದ್ದರು. ಲೀಲ್‌ಗೆ ಹೋದ ಮೇಲೆ ನಾದೇಜ್ ತನ್ನ ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದು ವೈನಿನ ಕಥೆಯನ್ನಲ್ಲ, ಇದನ್ನೇ ಎಂದು ಕೇಳಿದ್ದೇನೆ.

ಲ್ಯೂಸೆತ್ ಸುಮ್ಮನೆ ಕೂರಲಿಲ್ಲ. ಅರ್ಧ ಸೀಳಿದ ಡ್ರಮ್ಮಿಗೆ ಚಕ್ರ ಹಾಕಿದ ಗಾಡಿಯೊಂದಿತ್ತು, ಅದರಲ್ಲಿ ಬೆಂಕಿ ಹಾಕಿ ಕಡಿದ ಕಡ್ಡಿ ಸುಡುವುದು ಅಲ್ಲಿಯ ರೂಢಿ. ಈವೋಂ ಗಾಡಿ ತಳ್ಳಿದ, ಅವಳು ಎಡಗೈಯಲ್ಲಿ ಕಡ್ಡಿ ತುಂಬಿದಳು. ಹೊಗೆಯ ನಡುವೆ ಸಾಲಿಂದ ಸಾಲಿಗೆ ಹೋಗಿ ಬೈದಳು. ಅದು ತೀರಾ ಗಿಡ್ಡ. ಆ ಕಡ್ಡಿ ಅಲ್ಲ, ಪಕ್ಕದ್ದು. ನಿನಗೆ ಕತ್ತರಿ ಕೊಟ್ಟೋರ್ಯಾರು. ಬೆಳಿಗ್ಗೆ ಅವಳ ಬೈಗುಳದಲ್ಲಿ ಅಂಜಿಕೆಯಿತ್ತು. ಮಧ್ಯಾಹ್ನಕ್ಕೆ ಅದು ಸರಾಗವಾಯಿತು. ಸಂಜೆಯ ಹೊತ್ತಿಗೆ ಬೈಸಿಕೊಂಡವರೇ, "ಲ್ಯೂಸೆತ್, ಇಲ್ಲಿ ಬಾ, ಇದನ್ನ ಬಿಡ್ಲಾ ತೆಗೀಲಾ?" ಎಂದು ಕರೆದು ಕೇಳುತ್ತಿದ್ದರು.

ವೈನು ಹಂಚಿದಳು, ಬಿಸಿಬಿಸಿ ಚೀಸ್ ಉಂಡೆ ಕೊಟ್ಟಳು. ಕೊಟ್ಟಾದ ಮೇಲೆ ಹೇಳಿದಳು: "ಕಡ್ಡಿ ಬಗ್ಗಿಸಿ ತಂತಿಗೆ ಕಟ್ಟೋ ಕೆಲಸ ನಂದು. ಅಷ್ಟೊತ್ತಿಗೆ ಪ್ಲಾಸ್ಟರ್ ಬಿಚ್ಚಿರ್ತಾರೆ. ಅದಕ್ಕೆ ಯಾರೂ ಬರ್ಬೇಡಿ."

"ಕರೆದ್ರೂ ಬರಲ್ಲ. ಇವತ್ತು ಬೈಸ್ಕೊಂಡಿದ್ದೇ ಅಜೀರ್ಣ ಆಗಿದೆ," ಎಂದ ಆನ್ಸೆಲ್ಮ್.

ಮಾರ್ಚ್ ಕೊನೆಯಲ್ಲಿ ಪ್ಲಾಸ್ಟರ್ ಬಿಚ್ಚಿದರು, ಈ ಸಲ ಬೋನ್‌ನಲ್ಲೇ. ಕೈ ಸೊರಗಿ ಬೆಳ್ಳಗಾಗಿತ್ತು, ಯಾರದೋ ಕೈಯಂತೆ. ಮರುದಿನ ಮುಂಜಾನೆ ಲ್ಯೂಸೆತ್ ತೋಟಕ್ಕಿಳಿದಳು. ರಸ ಏರಿತ್ತು. ಕತ್ತರಿಸಿದ ಕಡೆಯಲ್ಲೆಲ್ಲ ಬಳ್ಳಿಗಳು ಹನಿ ಹನಿ ಸುರಿಸುತ್ತಿದ್ದವು. ಮೊದಲ ಕಡ್ಡಿಯನ್ನು ಬಗ್ಗಿಸಲು ಹೋದಾಗ ಹಿಡಿತ ಸಾಲದೆ ಕಡ್ಡಿ ಚಿಮ್ಮಿ ನೆಟ್ಟಗಾಯಿತು. ಮತ್ತೆ ಹಿಡಿದಳು. ಮುರಿಯದಂತೆ, ಬಿಡದಂತೆ, ಮೆಲ್ಲಗೆ ಬಗ್ಗಿಸಿ ತಂತಿಗೆ ತಂದು ಗಂಟು ಹಾಕಿದಳು.

ದಾರಿಯಲ್ಲಿ ಹೆಜ್ಜೆ ಸದ್ದು ನಿಂತಿತು. ತಿರುಗಿ ನೋಡದೆಯೇ ಅವಳಿಗೆ ಯಾರೆಂದು ಗೊತ್ತಾಯಿತು.

"ಯಾಕೆ ನಿಂತೆ?"

"ದಾರೀಲಿ ನಿಂತಿದ್ದೀನಿ. ನಿನ್ನ ತೋಟದಲ್ಲಲ್ಲ," ಎಂದ ಆನ್ಸೆಲ್ಮ್.

"ಎರಡು ಕಣ್ಣು ಜಾಸ್ತಿ ಬಿಟ್ಟಿದ್ದಕ್ಕೆ ನೋಡು, ಕಡ್ಡಿ ಹೆಂಗೆ ಬಗ್ಗುತ್ತೆ."

"ತಪ್ಪು ಪದ್ಧತಿ," ಎಂದು ಅವನು ಹೊರಟ. ಅವಳು ಎರಡನೆಯ ಬಳ್ಳಿಗೆ ಕೈ ಹಾಕಿದಳು.