ಇಬ್ಬರ ಮಗು ದಾಟುವ ಹೊಸ್ತಿಲು

ಹಲಸೂರಿನ ಬೀದಿ ನಲ್ಲಿಯಲ್ಲಿ ನಸುಕಿಗೇ ಜಟ್ಟೆಮ್ಮನ ಕೊಡ ಮೊದಲು. ಇವತ್ತು ಭಾನುವಾರ. ಹಿಂದೆ ನಿಂತ ನೆರೆಮನೆಯ ಶಂಶುನ್ನೀಸಾ ಕೆಣಕುತ್ತಾಳೆ: "ಏನ್ ಜಟ್ಟೆಮ್ಮಾ, ಇವತ್ತೂ ನಿಮ್ ಮನೇಲಿ ಕೋರ್ಟಾ?"

"ಕೋರ್ಟಲ್ಲ ಬಿಡವ್ವ, ಬಸ್ ಸ್ಟ್ಯಾಂಡು. ಒಬ್ರು ಇಳಿಸ್ತಾರ, ಇನ್ನೊಬ್ರು ಹತ್ತಿಸ್ಕೊಂತಾರ."

ತೊಂಬತ್ತರ ದಶಕದ ಮೊದಲಲ್ಲಿ ರಾಯಚೂರು ಕಡೆಯಿಂದ ಗಂಡನ ಜೊತೆ ಗಾರೆ ಕೆಲಸಕ್ಕೆ ಬಂದವಳು ಈಕೆ. ಕಟ್ಟಡಕ್ಕೆ ಕಟ್ಟಿದ ಸಾರುವೆಯಿಂದ ಬಿದ್ದು ಗಂಡ ತೀರಿಕೊಂಡ ಮೇಲೆ, ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರ ಮಕ್ಕಳನ್ನು ತನ್ನ ಬಾಡಿಗೆ ಕೋಣೆಯಲ್ಲಿ ನೋಡಿಕೊಳ್ಳತೊಡಗಿದಳು. ವಾರದ ದಿನಗಳಲ್ಲಿ ಈಗ ಒಂಬತ್ತು ಮಕ್ಕಳು. ಭಾನುವಾರದ ಕೆಲಸ ಬೇರೆ.

ವಿಚ್ಛೇದನವಾದ ಮನೆಗಳ ಮಕ್ಕಳೆಲ್ಲ ಒಂದೇ ಬಗೆಯಲ್ಲಿ ಬೆಳೆಯುವುದಿಲ್ಲ. ಶಿವಾಜಿನಗರದ ಮುನಾವರ್‌ನ ಮಗ, ಅಪ್ಪ ಅಮ್ಮ ಮಾಡಿಕೊಂಡ ಒಪ್ಪಂದದಂತೆ, ಒಂದು ವಾರ ಅಪ್ಪನ ಮನೆಯಲ್ಲಿ, ಒಂದು ವಾರ ಅಮ್ಮನ ಮನೆಯಲ್ಲಿ. ಆರು ವರ್ಷದ ಸೌಂದರ್ಯಾ ಅಮ್ಮ ಕಾವೇರಿಯ ಸುಪರ್ದಿಯಲ್ಲಿದ್ದಾಳೆ. ಶಾಲೆ ಬದಲಿಸುವಂಥ ದೊಡ್ಡ ತೀರ್ಮಾನಕ್ಕೆ ಅಪ್ಪ ಈರೇಶನ ಒಪ್ಪಿಗೆಯೂ ಬೇಕು. ಕೋರ್ಟಿನಿಂದ ಅವನಿಗೆ ಸಿಕ್ಕಿರುವುದು ಭಾನುವಾರದ ಹಗಲು. ಒಬ್ಬರ ಮುಖ ಒಬ್ಬರು ನೋಡದ ಇವರಿಬ್ಬರೂ ಒಪ್ಪಿದ ಜಾಗ ಜಟ್ಟೆಮ್ಮನ ಕೋಣೆ. ಅಮ್ಮ ಬಿಟ್ಟುಹೋದ ಮೇಲೆ ಸ್ವಲ್ಪ ಹೊತ್ತಿಗೆ ಅಪ್ಪ ಬರುತ್ತಾನೆ. ನಡುವೆ ಮಗು ಇಲ್ಲಿ ಉಣ್ಣಲೇಬೇಕು. "ಆ ಮನ್ಯಾಗ ಉಪವಾಸ ಕೆಡವಿದ್ರು ಅಂತ ಯಾರೂ ಅನಬಾರದು ನೋಡ್ರಿ," ಎನ್ನುತ್ತಾಳೆ ಜಟ್ಟೆಮ್ಮ.

ಈಗ ಈರೇಶ ಶನಿವಾರ ರಾತ್ರಿಯನ್ನೂ ಕೇಳಿ ಕೋರ್ಟಿಗೆ ಅರ್ಜಿ ಹಾಕಿದ್ದಾನೆ. ಹೋದ ಭಾನುವಾರ ಸಂಜೆ ಅವನು ತಂದುಬಿಟ್ಟಾಗ ಮಗು ಇಲ್ಲಿ ಬಿಕ್ಕಿ ಬಿಕ್ಕಿ ಅತ್ತಿತ್ತು; ಕಾವೇರಿ ಬಂದಾಗಲೂ ಅಳು ನಿಂತಿರಲಿಲ್ಲ. ತನ್ನನ್ನು ಬಿಡಲಾರದೆ ಅತ್ತಳು ಎನ್ನುತ್ತಾನೆ ಅವನು. ಆ ಮನೆಯಲ್ಲಿ ಹೆದರಿ ಅತ್ತಳು ಎನ್ನುತ್ತಾಳೆ ಕಾವೇರಿ. ಸಾಕ್ಷಿಗೆ ಇಬ್ಬರಿಗೂ ಜಟ್ಟೆಮ್ಮನೇ ಬೇಕು.

"ನೀವು ಕಣ್ಣಾರೆ ನೋಡಿದ್ದೀರ, ದೊಡ್ಡಮ್ಮ. ಬಂದು ಒಂದ್ ಮಾತು ಹೇಳ್ಬಿಡಿ," ಎಂದು ಇವತ್ತು ಮಗುವನ್ನು ಒಳಗೆ ಕಳಿಸಿದ ಕಾವೇರಿ ಹೊಸ್ತಿಲಲ್ಲೇ ನಿಲ್ಲುತ್ತಾಳೆ.

"ಅತ್ತಿದ್ದು ನೋಡೀನಿ. ಯಾಕ ಅಂತ ಕೂಸು ಹೇಳಿಲ್ಲ, ನಾ ಕೇಳಿಲ್ಲ. ಮೈಮ್ಯಾಲ ಒಂದು ಪೆಟ್ಟು ಕಂಡಿದ್ರ ನಾನೇ ಓಡಿ ಬರ್ತಿದ್ದೆ."

"ಹಂಗಾದ್ರೆ ಮುಂದಿನ ವಾರದಿಂದ ಮಗೂನ ಪೊಲೀಸ್ ಸ್ಟೇಷನ್ನಲ್ಲೇ ಅವ್ರಿಗೆ ಕೊಡ್ತೀನಿ ಬಿಡಿ."

"ನಿನ್ನ ಕೂಸು, ಯವ್ವಾ."

ಕಾವೇರಿ ತಿರುಗಿ ನೋಡದೆ ಹೋಗುತ್ತಾಳೆ. ತಟ್ಟೆ ಮುಂದೆ ಕೂತ ಸೌಂದರ್ಯಾ ತುತ್ತು ಬಾಯಿಗಿಡದೆ ಅಳತೊಡಗುತ್ತಾಳೆ. ಜಟ್ಟೆಮ್ಮ ಬಾಗಿಲು ಮುಂದೆ ಮಾಡಿ, ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸುತ್ತಾಳೆ. ಟಿನ್ ಫ್ಯಾಕ್ಟರಿ ಹತ್ತಿರದ ಗ್ಯಾರೇಜಿನಿಂದ ಬಂದ ಈರೇಶ ಹಾರ್ನ್ ಹೊಡೆದರೂ ಈಕೆ ಏಳುವುದಿಲ್ಲ. ಅಳು ತಾನಾಗಿ ನಿಂತು, ತಟ್ಟೆ ಖಾಲಿಯಾದ ಮೇಲೆಯೇ ಬಾಗಿಲು ತೆರೆಯುವುದು.

"ಕಣ್ಣು ಕೆಂಪಾಗಿದೆ. ಅತ್ಲಾ?" ಈರೇಶ ಕೇಳುತ್ತಾನೆ.

"ಮುಖ ತೊಳ್ದೀನಿ. ಕರ್ಕೊಂಡು ಹೋಗು, ತಮ್ಮಾ."

ಸ್ಕೂಟರ್ ತಿರುವಿನಲ್ಲಿ ಮರೆಯಾಗುತ್ತದೆ. "ಮುಂದಿನ ವಾರ ಬರ್ತಾರೋ ಇಲ್ಲೋ," ಎನ್ನುತ್ತಾ ಜಟ್ಟೆಮ್ಮ ತಟ್ಟೆ ತೊಳೆಯುತ್ತಾಳೆ. "ಬರಲಿ ಅಂತ ಆಸೆ. ಇಲ್ಲಿ ಅತ್ತಿದ್ದು ಇಲ್ಲೇ ಉಳೀತೈತ್ರೀ. ಎರಡು ಮನೆ ಇದ್ರೂ ಆ ಕೂಸಿಗೆ ಅಳಾಕ ಬ್ಯಾರೆ ಜಾಗ ಇಲ್ಲ."