ಒತ್ತಬಾರದ ಕಾಲು

ಬೀದಿಯವರೆಲ್ಲ ಅವಳನ್ನು ಮಾಲೀಶಕ್ಕ ಎಂದೇ ಕರೆಯುತ್ತಿದ್ದರು. ಔಷಧಿ ಅಂಗಡಿಯ ಮೇಲ್ಮಹಡಿಯಲ್ಲಿ ಒಂದು ಮಂಚ, ಒಂದು ಪರದೆ, ಎಣ್ಣೆ ಬಿಸಿಮಾಡಲು ಪುಟ್ಟ ಒಲೆ. ಇಪ್ಪತ್ತೆರಡು ವರ್ಷದ ಸಂಸಾರ ಅದು. ಬಿಗಿದ ಮಾಂಸಖಂಡವನ್ನು ನಿಧಾನಕ್ಕೆ ನಾದಿದರೆ ಅಲ್ಲಿ ರಕ್ತ ಚೆನ್ನಾಗಿ ಹರಿಯುತ್ತದೆ, ಬಿಗಿ ಸಡಿಲುತ್ತದೆ, ಉಸಿರು ತಾನಾಗಿ ಆಳಕ್ಕಿಳಿಯುತ್ತದೆ ಎಂದು ಬಂದವರಿಗೆಲ್ಲ ಹೇಳುವಳು. ಮಂಚ ಹತ್ತುವಾಗ ಊರವರ ಮೇಲೆಲ್ಲ ದೂರು ಹೇಳುವವರು ಅರ್ಧ ಗಂಟೆಯಲ್ಲಿ ಗೊರಕೆ ಹೊಡೆಯುತ್ತಿದ್ದರು.

ವಾರಕ್ಕೊಮ್ಮೆ ತಪ್ಪದೆ ಬರುತ್ತಿದ್ದವಳು ಅರವತ್ತು ದಾಟಿದ ಟೈಲರಮ್ಮ. ಹೊಲಿಗೆ ಯಂತ್ರದ ಮೇಲೆ ಬಗ್ಗಿ ಬಗ್ಗಿ ಕತ್ತು ಹಿಡಿದುಹೋಗಿತ್ತು. ಆದರೆ ಆ ಮಂಗಳವಾರ ಅವಳು ತೋರಿಸಿದ್ದು ಎಡಗಾಲನ್ನು. ಮಗಳ ಬಾಣಂತನ ಮುಗಿಸಿ ಎರಡು ದಿನ ರೈಲಿನಲ್ಲಿ ಕೂತು ಬಂದಿದ್ದಳಂತೆ. ಮೀನಖಂಡ ಹಿಡಿದುಕೊಂಡಿದೆ, ಗಟ್ಟಿಯಾಗಿ ಒತ್ತು ಎಂದಳು.

ಮಾಲೀಶಕ್ಕ ಎಣ್ಣೆ ಸವರಿ ಮೂರು ಸಲ ಒತ್ತಿದಳು. ನಾಲ್ಕನೆಯ ಸಲಕ್ಕೆ ಕೈ ನಿಂತಿತು. ಎಡಗಾಲು ಬಲಗಾಲಿಗಿಂತ ದಪ್ಪಗಿತ್ತು, ಬಿಸಿಯಾಗಿಯೂ ಇತ್ತು. ಕೆಲಸ ಕಲಿಸಿದ ಅತ್ತೆಯ ಮಾತು ನೆನಪಾಯಿತು: ಒಂದೇ ಕಾಲು ಊದಿ ಬಿಸಿಯಾಗಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು; ಒತ್ತಿದರೆ ಅದು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದೀತು.

"ಅಮ್ಮಾ, ಇದನ್ನ ನಾನು ಒತ್ತಲ್ಲ. ಈಗಲೇ ಆಸ್ಪತ್ರೆಗೆ ಹೋಗೋಣ."

"ಕಾಲುನೋವಿಗೆ ಆಸ್ಪತ್ರೆಯಾ? ಕೈಲಾಗಲ್ಲ ಅಂತ ಹೇಳು," ಎಂದು ಟೈಲರಮ್ಮ ಸಿಡುಕಿದಳು.

"ಏನು ಬೇಕಾದ್ರೂ ಅಂದ್ಕೊಳ್ಳಿ. ಆಗಲೇ ಮೂರು ಸಲ ಒತ್ತಿಬಿಟ್ಟಿದೀನಿ."

ಅವಳ ದನಿ ನಡುಗಿದ್ದು ಕೇಳಿ ಟೈಲರಮ್ಮ ಮಂಚದಿಂದ ಇಳಿದಳು.

ಬಾಡಿಗೆ ಕಾರಿನಲ್ಲಿ ಅವಳು ಒಮ್ಮೆ ಕೆಮ್ಮಿದರೂ ಮಾಲೀಶಕ್ಕನ ಜೀವ ಬಾಯಿಗೆ ಬರುತ್ತಿತ್ತು. ಉಸಿರು ಕಟ್ಟುತ್ತಿದೆಯಾ ಎಂದು ಕೇಳಿ ಕೇಳಿ ಬೈಸಿಕೊಂಡಳು. ಸ್ಕ್ಯಾನಿಂಗ್ ಕೋಣೆಯ ಹೊರಗೆ ಒಂದೂವರೆ ಗಂಟೆ ಕಾದಳು. ಇಷ್ಟು ವರ್ಷ ಎಷ್ಟು ಕಾಲುಗಳನ್ನು ನೋಡದೆ ಒತ್ತಿದ್ದೆನೋ ಎಂಬ ಯೋಚನೆ ಹುಳುವಿನಂತೆ ಕೊರೆಯುತ್ತಿತ್ತು. ಎಣ್ಣೆ ಹೋದ ಮೇಲೂ ಕೈ ಒರೆಸುತ್ತಲೇ ಇದ್ದಳು.

ಹೆಪ್ಪು ಇತ್ತು. ಸದ್ಯ, ಇದ್ದಲ್ಲೇ ಇತ್ತು. ಡಾಕ್ಟರ ಬಳಿ ತನ್ನ ತಪ್ಪು ಹೇಳಿಕೊಂಡಾಗ ಅವರು, "ನಿಲ್ಲಿಸಿದ್ರಲ್ಲ, ಅದೇ ದೊಡ್ಡದು," ಎಂದರು. ಅವಳಿಗೆ ಆ ಸಮಾಧಾನ ಮೈಗೆ ಹತ್ತಲಿಲ್ಲ.

ಆರು ತಿಂಗಳು ಗುಳಿಗೆ ನುಂಗಿ ಟೈಲರಮ್ಮ ಚೇತರಿಸಿಕೊಂಡಳು. ಡಾಕ್ಟರು ಒಪ್ಪಿದ ಮೇಲೆ ಮತ್ತೆ ಕತ್ತು ತಿಕ್ಕಿಸಿಕೊಳ್ಳಲು ಬಂದಳು. ಮಾಲೀಶಕ್ಕ ಈಗ ಯಾರೇ ಬರಲಿ, ಮೊದಲು ಎರಡೂ ಕಾಲು ಮುಟ್ಟಿ ನೋಡುತ್ತಾಳೆ, ದೂರ ಪ್ರಯಾಣ ಮಾಡಿದ್ದೀರಾ ಎಂದು ಕೇಳುತ್ತಾಳೆ. ಪೊಲೀಸರ ವಿಚಾರಣೆಯೇ ವಾಸಿ ಎಂದು ಜನ ನಗುತ್ತಾರೆ. ಅವಳು ನಗುವುದಿಲ್ಲ, ಉತ್ತರಕ್ಕೆ ಕಾಯುತ್ತಾಳೆ.